ಘಟ್ಟ ಇಳಿದು ಹಡಗು ಹತ್ತುವವರಿಗೆ: ಮೊದಲ ಎರಡು ದಿನ

ಕೊಡಗಿನಿಂದ ಗುಂಪು ಕಟ್ಟಿಕೊಂಡು ಕ್ರೂಸ್‌ಗೆ ಹೊರಡುವವರು ಮೊದಲು ಕೇಳುವುದು ಸಮುದ್ರದ ಬಗ್ಗೆ. ವಾಂತಿ ಬರುತ್ತದಾ, ಅಲೆ ಜೋರಿರುತ್ತದಾ, ಈಜು ಬಾರದಿದ್ದರೆ ಏನು ಗತಿ. ನಿಜವಾಗಿ ತಲೆ ಕೆಡಿಸುವುದು ಸಮುದ್ರವಲ್ಲ, ಬಂದರಿನ ಗೇಟಿನಿಂದ ಮೊದಲ ರಾತ್ರಿಯ ಊಟದವರೆಗಿನ ಆರೇಳು ಗಂಟೆ. ದಾಖಲೆ, ಸಾಮಾನು, ಕ್ಯಾಬಿನ್, ಅಪಾಯ ಬಂದರೆ ಏನು ಮಾಡಬೇಕೆಂದು ಕಲಿಸುವ ಡ್ರಿಲ್, ಊಟದ ಮೇಜು, ಫೋನು ಎಲ್ಲವೂ ಅದೇ ಹೊತ್ತಿಗೆ ಮೈಮೇಲೆ ಬೀಳುತ್ತವೆ, ಎಂಟು ಜನ ಎಂಟು ಕಡೆ ಚದುರಿರುತ್ತಾರೆ. ಹಾಗಾಗಿ ಈ ಬರಹದಲ್ಲಿ ಕೊನೆಯ ದಿನಗಳ ಮಾತು ಕಡಿಮೆ, ಆ ಆರೇಳು ಗಂಟೆಯ ಮಾತೇ ಹೆಚ್ಚು.

ಮೊದಲು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಒರಟು. ಪಶ್ಚಿಮ ಕರಾವಳಿಯ ಕ್ರೂಸ್ ಸೀಸನ್ ಅಕ್ಟೋಬರ್‌ನಿಂದ ಮೇ. ಕಾಫಿ ತೋಟವಿದ್ದವರಿಗೆ ಅದರಲ್ಲೂ ಬಿಡುವು ಹುಡುಕಬೇಕು. ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವಾಗ ಮಾರ್ಚ್, ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬರಲಿಲ್ಲವೆಂದು ಸ್ಪ್ರಿಂಕ್ಲರ್ ಪೈಪು ಎಳೆಯುವ ಕೆಲಸ. ಉಳಿಯುವುದು ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಮುಗಿದು ಸುಗ್ಗಿಯ ಹಬ್ಬ ಪುತ್ತರಿಗೆ ಮುಂಚಿನ ಕೆಲವು ವಾರ, ಇಲ್ಲವೇ ಏಪ್ರಿಲ್ ಉತ್ತರಾರ್ಧ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ದರ ಏರಿರುತ್ತದೆ, ಈಜುಕೊಳದ ತುಂಬ ಮಕ್ಕಳು. ಅಕ್ಟೋಬರ್ ಕೊನೆಗೆ ಹೊರಟರೆ ಚಂಡಮಾರುತದ ಮೇಲೆ ಒಂದು ಕಣ್ಣಿರಲಿ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್, 2017ರ ನವೆಂಬರ್ ಕೊನೆಯಲ್ಲಿ ಓಖಿ ಅಬ್ಬರಿಸಿದ್ದು ಇದೇ ಸಮುದ್ರದಲ್ಲಿ. ಅಂಥ ಹೊತ್ತಿನಲ್ಲಿ ಕ್ಯಾಪ್ಟನ್ ದಾರಿ ಬದಲಿಸಬಹುದು, ಒಂದು ಬಂದರನ್ನು ಬಿಟ್ಟೇ ಹೋಗಬಹುದು. ಟಿಕೆಟ್ಟಿನ ಷರತ್ತುಗಳಲ್ಲಿ ಇದು ಬರೆದೇ ಇರುತ್ತದೆ, ಜಗಳಕ್ಕೆ ಜಾಗವಿಲ್ಲ.

ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಕೊಚ್ಚಿಯಲ್ಲಿ ಹತ್ತುವುದಾದರೆ ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಮೇಲೆ ತಲಶ್ಶೇರಿ ಅಥವಾ ಕಣ್ಣೂರಿಗೆ ಇಳಿದು ಎರ್ನಾಕುಲಂ ರೈಲು ಹಿಡಿಯುವುದು ಸುಲಭ. ರೈಲಿನಲ್ಲಿ ಐದಾರು ಗಂಟೆ. ಮುಂಬೈಗಾದರೆ ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ವಿರಾಜಪೇಟೆಗೆ ಸುಮಾರು 60 ಕಿ.ಮೀ., ಮಡಿಕೇರಿ ಕಡೆಯವರಿಗೆ ಸಂಪಾಜೆ ಇಳಿದು ಮಂಗಳೂರು. ಯಾವ ದಾರಿಯಾದರೂ ಹಿಂದಿನ ದಿನವೇ ಬಂದರಿನ ಊರಿನಲ್ಲಿ ಮಲಗಬೇಕು. ಇದರಲ್ಲಿ ಉಳಿತಾಯ ಮಾಡಬೇಡಿ. ಮಾಕುಟ್ಟದ ತಿರುವಿನಲ್ಲಿ ಒಂದು ಲಾರಿ ಅಡ್ಡ ಸಿಕ್ಕಿಕೊಂಡರೆ ಎರಡು ಗಂಟೆ ಹೋಯಿತು. ಬೆಳಗಿನ ವಿಮಾನ ತಡವಾದರೂ ಅಷ್ಟೇ. ಹಡಗಿನ ಚೆಕ್‌ಇನ್ ಹೊರಡುವುದಕ್ಕೆ ಒಂದೂವರೆ ಎರಡು ಗಂಟೆ ಮುಂಚೆಯೇ ಮುಚ್ಚುವುದು ಸಾಮಾನ್ಯ. ಆ ಮೇಲೆ ಬಂದವರಿಗೆ ಹಡಗು ಕಣ್ಣೆದುರೇ ನಿಂತಿದ್ದರೂ ಪ್ರವೇಶವಿಲ್ಲ, ಹಣವೂ ವಾಪಸಿಲ್ಲ.

ಕ್ಯಾಬಿನ್ ಆರಿಸುವಾಗ ಏಜೆಂಟು ಕೇಳುವುದು ಕಿಟಕಿ ಬೇಕಾ, ಬಾಲ್ಕನಿ ಬೇಕಾ ಎಂದು. ನೀವು ಕೇಳಬೇಕಾದದ್ದು ಅದು ಹಡಗಿನ ಯಾವ ಜಾಗದಲ್ಲಿದೆ ಎಂದು. ಹಡಗು ಮುಂದೆ ಹಿಂದೆ ತೂಗುವಾಗ ಎರಡು ತುದಿಗಳು ಹೆಚ್ಚು ಏರಿಳಿಯುತ್ತವೆ, ಅಕ್ಕಪಕ್ಕ ಹೊರಳುವಾಗ ಮೇಲಿನ ಡೆಕ್‌ಗಳು, ಅಂದರೆ ಅಂತಸ್ತುಗಳು, ಹೆಚ್ಚು ವಾಲುತ್ತವೆ. ನಡುಭಾಗದ ಕೆಳಗಿನ ಡೆಕ್ಕೇ ಎಲ್ಲಕ್ಕಿಂತ ಸ್ಥಿರ, ಕೆಳಗಿನ ಡೆಕ್ಕಿಗೆ ದರವೂ ಸಾಮಾನ್ಯವಾಗಿ ಕಡಿಮೆ. ಎರಡು ಬದಿಯ ಸ್ಟೆಬಿಲೈಸರ್ ರೆಕ್ಕೆಗಳು ಹೊರಳಾಟವನ್ನು ತಗ್ಗಿಸುತ್ತವೆ, ಮುಂದೆ ಹಿಂದೆ ತೂಗುವುದನ್ನು ಅಲ್ಲ. ಈಜುಕೊಳದ ಡೆಕ್ಕಿನ ನೇರ ಕೆಳಗೆ ಕ್ಯಾಬಿನ್ ತೆಗೆದುಕೊಂಡರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಮೂತಿಯ ಕಡೆಯ ಕೆಳಗಿನ ಡೆಕ್ಕಿನಲ್ಲಿ ಲಂಗರಿನ ಸರಪಳಿಯ ಮತ್ತು ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್‌ನ ಗಡಗಡ. ಮೇಲೆ ಕೆಳಗೆ ಎರಡೂ ಕಡೆ ಕ್ಯಾಬಿನ್‌ಗಳೇ ಇರುವ ಡೆಕ್ಕು ಒಳ್ಳೆಯದು.

ನಾಲ್ವರು ಒಂದು ಕ್ಯಾಬಿನ್ನಿನಲ್ಲಿ ಎಂದರೆ ತಲೆಗೆ ಖರ್ಚು ಇಳಿಯುತ್ತದೆ ನಿಜ. ಎರಡು ಮಂಚ ಕೆಳಗೆ, ಇನ್ನೆರಡು ಗೋಡೆಯಿಂದ ಮಡಚಿ ಇಳಿಸುವಂಥವು, ಹತ್ತಲು ಏಣಿ. 1990ರಲ್ಲಿ ಕಟ್ಟಿದ, 2021ರ ಸೆಪ್ಟೆಂಬರ್‌ನಿಂದ ನಮ್ಮ ಕರಾವಳಿಯಲ್ಲಿ ಓಡಾಡಿದ ಎಂಪ್ರೆಸ್‌ನಂಥ ಹಡಗು ಸುಮಾರು 210 ಮೀಟರ್ ಉದ್ದ, ಅದರಲ್ಲಿ 800ರ ಹತ್ತಿರ ಕ್ಯಾಬಿನ್. ಅಂದಮೇಲೆ ಒಂದೊಂದರ ಅಗಲ ಎಷ್ಟಿರಬಹುದು ಎಂದು ನೀವೇ ಲೆಕ್ಕ ಹಾಕಿ. ಇಬ್ಬರಿಗೆ ಸಾಕು. ಮಂಡಿನೋವಿನವರು ಮೇಲಿನ ಮಂಚಕ್ಕೆ ಹೋಗುವ ಮಾತೇ ಇಲ್ಲ. ಗೊರಕೆಯವರನ್ನೆಲ್ಲ ಒಂದು ಕ್ಯಾಬಿನ್ನಿಗೆ ಹಾಕುವುದು ನಗೆಯ ಮಾತಲ್ಲ, ಬುಕಿಂಗ್ ಹೊತ್ತಿಗೇ ತೀರ್ಮಾನಿಸಬೇಕಾದ ವಿಷಯ.

ಹೆಸರಿನ ವಿಷಯ ಕೊಡಗಿನವರಿಗೆ ವಿಶೇಷವಾಗಿ ಹೇಳಬೇಕು. ಮನೆತನದ ಹೆಸರು ಒಬ್ಬರ ಆಧಾರ್‌ನಲ್ಲಿ ಮುಂದೆ ಪೂರ್ತಿಯಾಗಿ ಇರುತ್ತದೆ, ಇನ್ನೊಬ್ಬರದರಲ್ಲಿ ಒಂದೇ ಅಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಹೆಸರು ಹಿಂದಿನ ಜಾಗಕ್ಕೆ ಹೋಗಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಗುರುತಿನ ಚೀಟಿಯಲ್ಲಿ ತವರಿನ ಮನೆತನ, ಇನ್ನೊಂದರಲ್ಲಿ ಗಂಡನದು. ಗುಂಪಿನ ಪರವಾಗಿ ಒಬ್ಬರೇ ಬುಕ್ ಮಾಡುವಾಗ ಬಾಯಲ್ಲಿ ಕರೆಯುವ ಹೆಸರನ್ನೇ ತುಂಬಿಬಿಡುತ್ತಾರೆ, ಕೌಂಟರಿನಲ್ಲಿ ಸಾಲು ನಿಲ್ಲುವುದು ಅಲ್ಲೇ. ಯಾವ ಗುರುತಿನ ಚೀಟಿ ತರುತ್ತಾರೋ ಅದರ ಫೋಟೊ ತರಿಸಿಕೊಂಡು, ಅದರಲ್ಲಿರುವ ಅಕ್ಷರಗಳನ್ನೇ ಹಾಗೇ ತುಂಬಿ. ದೇಶದೊಳಗಿನ ಯಾನಕ್ಕೆ ಸರ್ಕಾರಿ ಗುರುತಿನ ಚೀಟಿ ಸಾಕು, ಹೊರದೇಶದ ಬಂದರಿದ್ದರೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್ ಬೇಕು. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರ್ಮಿಟ್ ಬೇಕು. ಹಡಗಿನವರೇ ಮಾಡಿಸಿಕೊಡುವುದಾದರೂ ನಿಮ್ಮ ದಾಖಲೆ ಅವರಿಗೆ ಎಷ್ಟು ದಿನ ಮುಂಚೆ ತಲುಪಬೇಕು ಎಂಬುದನ್ನು ಬುಕಿಂಗ್ ದಿನವೇ ಕೇಳಿಕೊಳ್ಳಿ. ವೆಬ್ ಚೆಕ್‌ಇನ್ ಮುಗಿಸಿ ಬೋರ್ಡಿಂಗ್ ಪಾಸನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ.

ಕೊಚ್ಚಿಯಲ್ಲಿ ಹಡಗು ನಿಲ್ಲುವುದು ವಿಲಿಂಗ್ಡನ್ ದ್ವೀಪದ ಎರ್ನಾಕುಲಂ ವಾರ್ಫಿನಲ್ಲಿ. 2021ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಸಾಗರಿಕಾ ಟರ್ಮಿನಲ್ ಅಲ್ಲಿದೆ. ಮುಂಬೈಯಲ್ಲಿ ಬಲ್ಲಾರ್ಡ್ ಪಿಯರ್ ಕಡೆ. ಬಾಗಿಲಲ್ಲೇ ದೊಡ್ಡ ಪೆಟ್ಟಿಗೆಗಳನ್ನು ತೆಗೆದುಕೊಳ್ಳುತ್ತಾರೆ, ಕ್ಯಾಬಿನ್ ಸಂಖ್ಯೆ ಬರೆದ ಚೀಟಿ ಹಿಡಿಗೆ ಕಟ್ಟಿರಬೇಕು. ಕಾಗದದ ಚೀಟಿ ಹರಿಯುತ್ತದೆ, ಅದಕ್ಕೆ ಸುತ್ತಲೂ ಪಾರದರ್ಶಕ ಟೇಪು ಸುತ್ತಿ ಎರಡು ಕಡೆ ಸ್ಟೇಪಲ್ ಹೊಡೆಯಿರಿ, ಒಳಗೂ ಹೆಸರು ಮತ್ತು ಕ್ಯಾಬಿನ್ ಸಂಖ್ಯೆಯ ಒಂದು ಚೀಟಿ ಹಾಕಿ. ಈಗ ಕೊಟ್ಟ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದು ಸಂಜೆಯೋ ರಾತ್ರಿಯೋ. ಹಾಗಾಗಿ ಗುರುತಿನ ಚೀಟಿ, ಮಾತ್ರೆ, ಚಾರ್ಜರ್, ಕನ್ನಡಕ, ಒಂದು ಜೊತೆ ಬಟ್ಟೆ, ಈಜುಡುಗೆ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಪೆಟ್ಟಿಗೆಗೆ ಹಾಕಲೇಬಾರದು.

ಇನ್ನು ಸೆಕ್ಯುರಿಟಿ. ನಮ್ಮ ಕಡೆಯ ಗುಂಪಿನ ಪೆಟ್ಟಿಗೆಗಳು ಎಕ್ಸ್‌ರೇ ಪರದೆಯ ಮೇಲೆ ಬೇರೆಯವರದಕ್ಕಿಂತ ಸ್ವಲ್ಪ ಹೆಚ್ಚೇ ಕುತೂಹಲ ಹುಟ್ಟಿಸುತ್ತವೆ. ಮನೆಯಲ್ಲಿ ಮಾಡಿದ ಊಟ ಒಳಗೆ ಬಿಡುವುದಿಲ್ಲ. ಪಂದಿ ಕರಿ ಎಷ್ಟೇ ಚೆನ್ನಾಗಿ ಡಬ್ಬಿ ಕಟ್ಟಿದ್ದರೂ ಅಲ್ಲೇ ಉಳಿಯುತ್ತದೆ, ಕಡಂಬುಟ್ಟೂ ಅಷ್ಟೇ. ಕಾರಣ ಸರಳ. ಎರಡು ಸಾವಿರ ಜನ ಒಂದೇ ಅಡುಗೆಮನೆಯಲ್ಲಿ ಉಣ್ಣುವ ಜಾಗದಲ್ಲಿ ಹೊಟ್ಟೆ ಕೆಟ್ಟರೆ ಮೂಲ ಯಾವುದೆಂದು ತಿಳಿಯಬೇಕು. ಮನೆಯ ವೈನು ಯಾವ ಬಾಟಲಿಯಲ್ಲಿದ್ದರೂ ಅವರ ವಶವಾಗುತ್ತದೆ. ಹೊರಗಿನ ಮದ್ಯಕ್ಕೆ ಪೂರ್ತಿ ನಿಷೇಧವಿರುವ ಹಡಗೇ ಹೆಚ್ಚು. ಕಂಪನಿಯ ಸೀಲ್ ಇರುವ ತಿಂಡಿ, ಚಾಕೊಲೇಟ್ ಸಾಮಾನ್ಯವಾಗಿ ನಡೆಯುತ್ತದೆ. ಕಳಲೆ ಉಪ್ಪಿನಕಾಯಿ ಬೇಕೇ ಬೇಕು ಎನ್ನುವವರು ಅಂಗಡಿಯ ಸೀಲ್ ಒಡೆಯದ ಸಣ್ಣ ಬಾಟಲಿ ಒಯ್ದು ನೋಡಬಹುದು, ಬಿಡುವುದು ಬಿಡದಿರುವುದು ಅಲ್ಲಿದ್ದವರ ಇಷ್ಟ.

ದೊಡ್ಡ ವಿಷಯ ಕತ್ತಿ. ಎಲ್ಲರೂ ಸಿಂಗರಿಸಿಕೊಂಡು ಬರುವ ಗಾಲಾ ರಾತ್ರಿಗೆ ಕೊಡವರ ಉಡುಗೆ ಕುಪ್ಯಚೇಲೆ ಉಟ್ಟು ಬರುವ ಆಸೆ ಎಲ್ಲ ಗುಂಪಿಗೂ ಇರುತ್ತದೆ, ಚೆನ್ನಾಗಿಯೂ ಕಾಣುತ್ತದೆ. ಕುಪ್ಯ, ಚೇಲೆ, ಮಂಡೆತುಣಿ ತನ್ನಿ. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿ ಮನೆಯಲ್ಲಿರಲಿ. ಬೆಳ್ಳಿಯ ಒರೆ, ಅಜ್ಜನ ಕಾಲದ್ದು, ಸಂಪ್ರದಾಯದ್ದು ಎಂದು ವಿವರಿಸಿದರೂ ಪರದೆಯ ಮುಂದೆ ಕೂತವರಿಗೆ ಕಾಣುವುದು ಅಲಗು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿರುವ ವಿನಾಯಿತಿ ಲೈಸೆನ್ಸಿನ ಮಟ್ಟಿಗೆ ಮಾತ್ರ. ಹಡಗಿನವರ ನಿಯಮಕ್ಕೂ ಅದಕ್ಕೂ ಸಂಬಂಧವಿಲ್ಲ. ವಶಪಡಿಸಿಕೊಂಡದ್ದಕ್ಕೆ ರಸೀತಿ ಕೊಟ್ಟು ಇಳಿಯುವ ದಿನ ಮರಳಿಸುವುದುಂಟು. ಆದರೆ ಕೊಚ್ಚಿಯಲ್ಲಿ ಹತ್ತಿ ಮುಂಬೈಯಲ್ಲಿ ಇಳಿಯುವ ಯಾನವಾದರೆ ಆ ಹುಡುಕಾಟ ಯಾರಿಗೂ ಬೇಡ. ಊದುಬತ್ತಿ, ಮೇಣದಬತ್ತಿ, ಇಸ್ತ್ರಿಪೆಟ್ಟಿಗೆ, ಕೆಟಲ್, ಎಕ್ಸ್‌ಟೆನ್ಷನ್ ಬೋರ್ಡು ಇವುಗಳಿಗೂ ಬಾಗಿಲು ಮುಚ್ಚಿದೆ. ಸಮುದ್ರದ ನಡುವೆ ಹಡಗು ಎಲ್ಲಕ್ಕಿಂತ ಹೆಚ್ಚು ಹೆದರುವುದು ಬೆಂಕಿಗೆ.

ಕಾಫಿಗೆ ಒಂದು ಉಪಾಯವಿದೆ. ಬಫೆಯ ಯಂತ್ರದಿಂದ ಬರುವ ಕಾಫಿ ತೋಟದವರ ನಾಲಿಗೆಗೆ ಹಿಡಿಸುವುದಿಲ್ಲ, ಕೆಟಲ್ ತರುವಂತಿಲ್ಲ. ಕೊಡಗಿನ ಹಲವು ತೋಟದವರು ಈಗ ಮಾರುವ ಡ್ರಿಪ್ ಬ್ಯಾಗ್ ತನ್ನಿ. ಸೀಲ್ ಮಾಡಿದ ಪೊಟ್ಟಣ, ಹತ್ತು ಹನ್ನೆರಡು ಗ್ರಾಂ ಪುಡಿ. ಬಾಯಿ ಹರಿದು ಎರಡು ಕಿವಿಗಳನ್ನು ಲೋಟದ ಅಂಚಿಗೆ ಸಿಕ್ಕಿಸಿ, ಮೊದಲು ಪುಡಿ ನೆನೆಯುವಷ್ಟು ಬಿಸಿನೀರು, ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಮೂರು ಸಲ ಹೊಯ್ಯಿರಿ, ಒಟ್ಟು 150 ಮಿ.ಲೀ. ಸುತ್ತ. ಬಫೆಯ ಬಿಸಿನೀರಿನ ನಲ್ಲಿಯಿಂದ ಮೊದಲು ಬರುವುದು ಬೆಚ್ಚನೆಯದು, ಒಂದು ಲೋಟ ಹರಿಸಿ ಚೆಲ್ಲಿ ಆಮೇಲೆ ಹಿಡಿಯಿರಿ.

ಚೆಕ್‌ಇನ್ ಕೌಂಟರಿನಲ್ಲಿ ಫೋಟೊ ತೆಗೆದು ಒಂದು ಕಾರ್ಡು ಕೊಡುತ್ತಾರೆ. ಕ್ಯಾಬಿನ್ ಬೀಗ, ಹಡಗಿನ ಒಳಗಿನ ದುಡ್ಡು, ಹಡಗಿನಿಂದ ಇಳಿದು ಹತ್ತುವ ಲೆಕ್ಕ ಎಲ್ಲ ಅದರಲ್ಲೇ. ನಗದು ನಡೆಯುವುದಿಲ್ಲ. ಕುತ್ತಿಗೆಗೆ ಹಾಕಿಕೊಳ್ಳುವ ದಾರವನ್ನು ಊರಿಂದಲೇ ತನ್ನಿ, ಹಡಗಿನ ಅಂಗಡಿಯಲ್ಲಿ ಅದಕ್ಕೆ ಕೇಳುವ ಬೆಲೆ ಜಾಸ್ತಿ. ಕಾರ್ಡನ್ನು ಮೊಬೈಲಿನ ಕವರಿನೊಳಗೆ, ಅದರಲ್ಲೂ ಅಯಸ್ಕಾಂತದ ಗುಂಡಿಯ ಕವರಿನೊಳಗೆ ಇಡಬೇಡಿ, ಮ್ಯಾಗ್ನೆಟಿಕ್ ಪಟ್ಟಿಯಿರುವ ಕಾರ್ಡಾದರೆ ಬೀಗ ತೆರೆಯುವುದಿಲ್ಲ. ಕಾರ್ಡಿನ ಮೇಲೆ ಒಂದು ಅಕ್ಷರವೋ ಸಂಖ್ಯೆಯೋ ಇರುತ್ತದೆ, ಅದು ನಿಮ್ಮ ಮಸ್ಟರ್ ಸ್ಟೇಷನ್, ಅಂದರೆ ಅಪಾಯದಲ್ಲಿ ಸೇರಬೇಕಾದ ಜಾಗ. ಗುಂಪಿನಲ್ಲಿ ಬೇರೆ ಬೇರೆ ಡೆಕ್ಕಿನವರಿಗೆ ಬೇರೆ ಬೇರೆ ಸ್ಟೇಷನ್ ಬರಬಹುದು. ಗೆಳೆಯರ ಜೊತೆ ಇರುತ್ತೇನೆ ಎಂದು ಅಲ್ಲಿ ಬದಲಾಯಿಸಿಕೊಳ್ಳುವಂತಿಲ್ಲ.

ಹಡಗು ಹತ್ತಿದ ಕೂಡಲೇ ಎಲ್ಲರೂ ಬಫೆಗೆ ನುಗ್ಗುತ್ತಾರೆ. ಕ್ಯಾಬಿನ್ ಇನ್ನೂ ಸಿದ್ಧವಿರುವುದಿಲ್ಲ, ಕೈಯಲ್ಲಿ ಚೀಲ, ಕೂರಲು ಜಾಗವಿಲ್ಲ. ಆ ಒಂದು ಗಂಟೆಯಲ್ಲಿ ಇಬ್ಬರು ಊಟದ ಮೇಜಿನ ವ್ಯವಸ್ಥೆಗೆ ಹೋಗಲಿ, ಉಳಿದವರು ಚೀಲ ಕಾಯಲಿ. ದೊಡ್ಡ ಊಟದ ಹಾಲಿನಲ್ಲಿ ರಾತ್ರಿಯೂಟ ಎರಡು ಪಂಕ್ತಿ, ಬೇಗನೆಯದು ಮತ್ತು ತಡವಾದದ್ದು. ಎಂಟು ಜನ ಒಂದೇ ಮೇಜಿಗೆ ಬೇಕೆಂದರೆ ಎಲ್ಲರ ಬುಕಿಂಗ್ ಸಂಖ್ಯೆ ಹಿಡಿದು ಹಡಗು ಬಿಡುವ ಮುಂಚೆ ಕೇಳಬೇಕು. ರಾತ್ರಿ ಬಾಗಿಲಲ್ಲಿ ನಿಂತು ಕೇಳಿದರೆ ಎರಡು ನಾಲ್ಕಾಗಿ ಒಡೆದು ಕೂರಿಸುತ್ತಾರೆ. ಊಟದ ಹಾಲಿಗೆ ಚಡ್ಡಿ, ಬನಿಯನ್ ನಡೆಯುವುದಿಲ್ಲ. ಥಿಯೇಟರಿನಲ್ಲಿ ಎಸಿ ಮಡಿಕೇರಿಯ ಜನವರಿಯಂತಿರುತ್ತದೆ, ಸ್ವೆಟರ್ ಇರಲಿ.

ಬಫೆಯ ಬಾಗಿಲಲ್ಲಿ ಸ್ಯಾನಿಟೈಸರ್ ಹಿಡಿದು ನಿಂತಿರುತ್ತಾರೆ. ಹಾಕಿಸಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಹಡಗುಗಳಲ್ಲಿ ಹೊಟ್ಟೆ ಕೆಡಿಸುವ ನೊರೊವೈರಸ್‌ಗೆ ಆಲ್ಕೊಹಾಲ್ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ. ಸೋಪಿನಲ್ಲಿ ಇಪ್ಪತ್ತು ಸೆಕೆಂಡು ಉಜ್ಜಿ ತೊಳೆದರೆ ಹೋಗುತ್ತದೆ. ಬಡಿಸುವ ಸೌಟನ್ನು ನೂರಾರು ಕೈ ಮುಟ್ಟಿರುತ್ತದೆ, ಕೈಯಲ್ಲೇ ಉಣ್ಣುವ ನಮಗೆ ಇದು ಇನ್ನಷ್ಟು ಮುಖ್ಯ.

ಕ್ಯಾಬಿನ್ ಬಾಗಿಲು ತೆರೆದ ಮೇಲೆ ಮಾಡುವ ಕೆಲಸಗಳು ಸಣ್ಣವು, ಆದರೆ ಆಗಲೇ ಮಾಡಬೇಕು. ಲೈಫ್ ಜಾಕೆಟ್ ಎಲ್ಲಿದೆ ನೋಡಿ, ತಲೆ ಎಣಿಸಿ. ಮಕ್ಕಳಿಗೆ ಬೇರೆ ಅಳತೆ, ಇಲ್ಲದಿದ್ದರೆ ಕ್ಯಾಬಿನ್ ಸಿಬ್ಬಂದಿಯನ್ನು ಕೇಳಿ. ಬಾಗಿಲಿನ ಹಿಂದಿರುವ ನಕ್ಷೆ ನೋಡಿ ಒಮ್ಮೆ ಮೆಟ್ಟಿಲಿನಲ್ಲೇ ಮಸ್ಟರ್ ಸ್ಟೇಷನ್ನಿಗೆ ನಡೆದು ಬನ್ನಿ, ಲಿಫ್ಟಿನಲ್ಲಲ್ಲ. ಪ್ಲಗ್ಗು ಎರಡು ಥರ ಇರುತ್ತದೆ, ಚಪ್ಪಟೆ ಕಾಲಿನದು 110 ವೋಲ್ಟ್, ದುಂಡು ಕಾಲಿನದು 220. ನಮ್ಮ ಮೂರು ಕಾಲಿನ ದಪ್ಪ ಪಿನ್ನು ಎರಡಕ್ಕೂ ಕೂರುವುದಿಲ್ಲ, ಮೊಬೈಲ್ ಚಾರ್ಜರಿನ ಎರಡು ದುಂಡು ಕಾಲು 220ಕ್ಕೆ ಕೂರುತ್ತದೆ. ಗೋಡೆ ಉಕ್ಕಿನದು. ನಾಲ್ಕು ಅಯಸ್ಕಾಂತದ ಕೊಕ್ಕೆ ಒಯ್ದರೆ ಟೋಪಿ, ಒದ್ದೆ ಬಟ್ಟೆ ಎಲ್ಲಕ್ಕೂ ಗೂಟ ಸಿಕ್ಕಿತು. ಬಚ್ಚಲಿನ ಹೊಸ್ತಿಲು ಎತ್ತರ, ರಾತ್ರಿ ಎದ್ದವರು ಎಡವುವುದು ಅಲ್ಲೇ. ಕಕ್ಕಸು ಗಾಳಿ ಎಳೆಯುವ ಮಾದರಿಯದು, ಒಬ್ಬರು ಒದ್ದೆ ಟಿಶ್ಯೂವೋ ಪ್ಯಾಡೋ ಹಾಕಿದರೆ ಸಾಲಾಗಿ ಹಲವು ಕ್ಯಾಬಿನ್ನಿನದು ಕಟ್ಟಿಕೊಳ್ಳುತ್ತದೆ. ಹಳೆಯ ಹಡಗುಗಳಲ್ಲಿ ನೀರಿನ ಕೈಪೈಪು ಇರುತ್ತದೆಂದು ಹೇಳಲಾಗದು. ಒಂದು ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಗೆ ಹಾಕಿ, ನಾಚಿಕೆ ಬೇಡ.

ಡ್ರಿಲ್ಲನ್ನು ತಪ್ಪಿಸಿಕೊಳ್ಳುವ ಯೋಚನೆ ಮಾಡಬೇಡಿ. 2012ರ ಜನವರಿ 13ರ ರಾತ್ರಿ ಇಟಲಿಯ ತೀರದಲ್ಲಿ ಕೋಸ್ಟಾ ಕಾನ್‌ಕಾರ್ಡಿಯಾ ಬಂಡೆಗೆ ಬಡಿದು ವಾಲಿತು, 32 ಜನ ಸತ್ತರು. ಅಂದೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಎಂದಿತ್ತು ಆಗಿನ ನಿಯಮ. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಆಗಲೇಬೇಕು. ಏಳು ಚಿಕ್ಕ ಸೈರನ್, ಆಮೇಲೆ ಒಂದು ಉದ್ದನೆಯದು, ಇಷ್ಟನ್ನು ಕಿವಿಗೆ ಹಾಕಿಕೊಳ್ಳಿ. ಬಾರುಗಳು ಆಗ ಮುಚ್ಚಿರುತ್ತವೆ. ನಿಮ್ಮ ಸ್ಟೇಷನ್ನಿನಲ್ಲಿ ಕಾರ್ಡು ಸ್ಕ್ಯಾನ್ ಆದರೆ ಮಾತ್ರ ಲೆಕ್ಕ. ಗುಂಪಿನಲ್ಲಿ ಒಬ್ಬ ಮಲಗಿಬಿಟ್ಟಿದ್ದರೆ ಸ್ಪೀಕರಿನಲ್ಲಿ ಅವನ ಕ್ಯಾಬಿನ್ ಸಂಖ್ಯೆ ಕೂಗುತ್ತಾರೆ, ಉಳಿದವರೆಲ್ಲ ನಿಂತೇ ಕಾಯುತ್ತಾರೆ. ಜಾಕೆಟ್ ಹಾಕಿಸುವ ಡ್ರಿಲ್ಲಾದರೆ ಪಟ್ಟಿಯನ್ನು ನೆಲಕ್ಕೆ ಬಿಟ್ಟು ನಡೆಯಬೇಡಿ, ಹಿಂದಿನವರು ತುಳಿದು ಮೆಟ್ಟಿಲಲ್ಲಿ ಬೀಳುತ್ತೀರಿ. ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ ಕೂಗಿ, ತೇಲುವಂಥದ್ದು ಎಸೆಯಿರಿ, ಬೆರಳು ತೋರಿಸುತ್ತಲೇ ಇರಿ. ಒಮ್ಮೆ ಕಣ್ಣು ತೆಗೆದರೆ ಅಲೆಯಲ್ಲಿ ತಲೆ ಮತ್ತೆ ಸಿಗುವುದಿಲ್ಲ.

ಹಡಗು ತೀರ ಬಿಟ್ಟ ಮೇಲೆ ಒಂದು ಗಂಟೆಯೊಳಗೆ ಮೊಬೈಲ್ ಸಿಗ್ನಲ್ ಮಾಯ. ಫೋನು ಸುಮ್ಮನಿರುವುದಿಲ್ಲ, ಹಡಗಿನ ಉಪಗ್ರಹ ನೆಟ್‌ವರ್ಕನ್ನು ಹಿಡಿದುಕೊಳ್ಳುತ್ತದೆ, ಅದರ ದರ ಕೇಳಿದರೆ ಎದೆ ಒಡೆಯುತ್ತದೆ. ತೀರ ಕಾಣುತ್ತಿರುವಾಗಲೇ ಏರೋಪ್ಲೇನ್ ಮೋಡ್ ಹಾಕಿ, ಬೇಕಾದರೆ ಅದರಲ್ಲೇ ವೈಫೈ ತೆರೆದುಕೊಳ್ಳಿ. ಅಷ್ಟು ಹೊತ್ತಿಗೆ ಗುಂಪಿನ ಕಟ್ಟುಪಾಡು ಆಗಿರಬೇಕು, ಯಾಕೆಂದರೆ ವಾಟ್ಸ್‌ಆ್ಯಪ್ ಇಲ್ಲದೆ ಹತ್ತು ಹನ್ನೊಂದು ಡೆಕ್ಕಿನಲ್ಲಿ ಒಬ್ಬರನ್ನು ಹುಡುಕುವುದು ಆಗದ ಕೆಲಸ. ದಿನಕ್ಕೆ ಎರಡು ಹೊತ್ತು, ಗೊತ್ತು ಮಾಡಿದ ಜಾಗ: ಬೆಳಗ್ಗೆ ಎಂಟೂವರೆಗೆ ಬಫೆಯ ಹಿಂಭಾಗ, ಸಂಜೆ ಏಳಕ್ಕೆ ರಿಸೆಪ್ಷನ್ ಮೆಟ್ಟಿಲು. ಹತ್ತು ನಿಮಿಷ ಕಾಯುವುದು, ಬರದಿದ್ದರೆ ಕ್ಯಾಬಿನ್ ಬಾಗಿಲಿಗೆ ಚೀಟಿ. ಎಲ್ಲರ ಕ್ಯಾಬಿನ್ ಸಂಖ್ಯೆ ಕಾಗದದಲ್ಲಿ ಬರೆದು ಹಂಚಿ, ಕ್ಯಾಬಿನ್ನಿನಿಂದ ಕ್ಯಾಬಿನ್ನಿಗೆ ಫೋನಿಗೆ ದುಡ್ಡಿಲ್ಲ. ಮನೆಗೆ, ಮುಖ್ಯವಾಗಿ ತೋಟದ ಲೆಕ್ಕ ನೋಡುವ ರೈಟರಿಗೆ, ಯಾವ ದಿನ ಎಷ್ಟು ಹೊತ್ತಿಗೆ ಸಿಗುತ್ತೀರಿ ಎಂದು ಮುಂಚೆಯೇ ಹೇಳಿಡಿ.

ಅಂಗಡಿ, ಕ್ಯಾಸಿನೊ ಹತ್ತಿದ ಕೂಡಲೇ ತೆರೆದಿಲ್ಲವೆಂದು ಗೊಣಗುವವರಿಗೆ: ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ.ವರೆಗೆ ದೇಶದ ಜಲವ್ಯಾಪ್ತಿ. ಅದನ್ನು ದಾಟಿದ ಮೇಲೆ ದೀಪ ಹತ್ತುತ್ತದೆ. 18 ನಾಟ್ ವೇಗ ಎಂದರೆ ಗಂಟೆಗೆ 33 ಕಿ.ಮೀ., ನೇರ ಹೊರಗೆ ಹೋದರೂ ನಲವತ್ತು ನಿಮಿಷ ಬೇಕು.

ವಾಂತಿಯ ವಿಷಯಕ್ಕೆ ಬಂದರೆ, ಮಾಕುಟ್ಟದಲ್ಲಿ ಕಾರು ನಿಲ್ಲಿಸುವವರೆಲ್ಲ ಹಡಗಿನಲ್ಲೂ ಮಲಗುತ್ತಾರೆ ಎಂದೇನಿಲ್ಲ. ಹಡಗಿನದು ನಿಧಾನದ ಏರಿಳಿತ, ಐದು ಸೆಕೆಂಡಿಗೊಮ್ಮೆ ಎದ್ದು ಇಳಿಯುವಂಥದ್ದು ಎಲ್ಲಕ್ಕಿಂತ ಕೆಟ್ಟದ್ದು. ಒಳಗಿವಿ ಅಲುಗಾಟ ಹೇಳುತ್ತದೆ, ಕಣ್ಣಿಗೆ ಕಾಣುವ ಕೋಣೆ ಅಲುಗುತ್ತಿಲ್ಲ, ಈ ತಕರಾರೇ ಹೊಟ್ಟೆ ತೊಳಸುವುದಕ್ಕೆ ಮೂಲ. ಕ್ಯಾಬಿನ್ನಿನಲ್ಲಿ ಮೊಬೈಲ್ ನೋಡುತ್ತ ಮಲಗಿದರೆ ಹೆಚ್ಚುತ್ತದೆ. ನಡುಭಾಗದ ತೆರೆದ ಡೆಕ್ಕಿಗೆ ಬಂದು ದಿಗಂತದ ಮೇಲೆ ಕಣ್ಣು ನೆಟ್ಟರೆ ಇಳಿಯುತ್ತದೆ. ಅವೊಮಿನ್‌ನಂಥ ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ, ಒಂದೆರಡು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ನಿದ್ದೆ ತರುತ್ತದೆ, ಮದ್ಯದ ಜೊತೆ ಸಲ್ಲದು. ಗ್ಲಾಕೊಮಾ, ಪ್ರಾಸ್ಟೇಟ್ ತೊಂದರೆ ಇರುವವರು ಊರಿನ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹಸಿದ ಹೊಟ್ಟೆಯೂ ಕೆಟ್ಟದ್ದು, ಬಫೆಯಲ್ಲಿ ಹೊಟ್ಟೆ ಬಿರಿಯುವಷ್ಟು ತುಂಬಿಕೊಂಡದ್ದೂ ಕೆಟ್ಟದ್ದು. ಒಣ ಟೋಸ್ಟು, ಶುಂಠಿ, ಸೇಬು ಸಾಕು. ಹಡಗಿನ ಡಾಕ್ಟರ ಬಿಲ್ಲು ಭಾರಿ, ಪ್ರಯಾಣ ವಿಮೆ ಮಾಡಿಸಿ.

ಬಾಲ್ಕನಿಯಿಂದ ಏನನ್ನೂ ಎಸೆಯಬೇಡಿ. ಕಾವೇರಿ ಸೇತುವೆ ದಾಟುವಾಗ ನಾಣ್ಯ ಹಾಕುವ ಕೈ ಇಲ್ಲೂ ಏಳುತ್ತದೆ, ತಡೆಯಿರಿ. ಸಮುದ್ರಕ್ಕೆ ಪ್ಲಾಸ್ಟಿಕ್ ಹಾಕುವುದು ಅಂತರರಾಷ್ಟ್ರೀಯ ಕಾನೂನಿನಲ್ಲೇ ನಿಷಿದ್ಧ. ಎಸೆದ ಸಿಗರೇಟು ತುಂಡು ಗಾಳಿಗೆ ಹಿಂದಿರುಗಿ ಹಿಂದಿನವರ ಬಾಲ್ಕನಿಯ ಟವೆಲಿನ ಮೇಲೆ ಬೀಳುತ್ತದೆ. ಸೇದುವುದಕ್ಕೆ ಗುರುತು ಮಾಡಿದ ಜಾಗ ಬೇರೆ ಇದೆ.

ಲಕ್ಷದ್ವೀಪದ ಯಾನವಾದರೆ ಕೊಚ್ಚಿಯಿಂದ ಅಗತ್ತಿ 459 ಕಿ.ಮೀ. ಸಂಜೆ ಬಿಟ್ಟ ಹಡಗು ಮರುದಿನ ಅಲ್ಲಿರುತ್ತದೆ. ಹವಳದ ದಿಬ್ಬದ ಒಳಗೆ ದೊಡ್ಡ ಹಡಗು ಹೋಗುವಂತಿಲ್ಲ, ಹೊರಗೇ ನಿಂತು ಸಣ್ಣ ಬೋಟಿನಲ್ಲಿ ಜನರನ್ನು ದಾಟಿಸುತ್ತಾರೆ. ಮೊದಲ ಸಲ ಹೋದವರು ಎಡವುವ ಜಾಗ ಇದು. ಹಡಗಿನ ಪಕ್ಕದ ಬಾಗಿಲಿನಲ್ಲಿ ನಿಂತರೆ ಬೋಟು ಒಂದು ಗಳಿಗೆ ನಿಮ್ಮ ಪಾದದ ಮಟ್ಟಕ್ಕೆ, ಮರುಗಳಿಗೆ ಮೊಣಕಾಲಷ್ಟು ಕೆಳಗೆ. ಎರಡೂ ಕೈ ಖಾಲಿ ಇರಬೇಕು, ಚೀಲ ಬೆನ್ನಿಗೆ, ಮೊಬೈಲ್ ಜೇಬಿಗೆ, ಚಪ್ಪಲಿಗೆ ಹಿಂದೆ ಪಟ್ಟಿ. ನಾವಿಕನ ಬೆರಳನ್ನು ಹಿಡಿಯಬೇಡಿ. ಅವನು ನಿಮ್ಮ ಮುಂಗೈ ಹಿಡಿಯುತ್ತಾನೆ, ನೀವು ಅವನ ಮುಂಗೈ ಹಿಡಿಯಿರಿ, ಒಂದು ಕೈ ಜಾರಿದರೂ ಇನ್ನೊಂದು ಉಳಿಯುತ್ತದೆ. ಬೋಟು ಮೇಲೆ ಬಂದಾಗ ಅವನು ಹೇಳುತ್ತಾನೆ, ಆಗ ಹೆಜ್ಜೆ ಇಡಿ. ಹಾರಬೇಡಿ, ಅರ್ಧಕ್ಕೆ ಅನುಮಾನಿಸಿ ನಿಲ್ಲಬೇಡಿ. ಅಲೆ ಜೋರಿದ್ದರೆ ಇಳಿಸುವುದೇ ಇಲ್ಲ, ದ್ವೀಪವನ್ನು ರೇಲಿಂಗಿಗೆ ಒರಗಿ ನೋಡಿ ಬರಬೇಕಾಗುತ್ತದೆ. ಬಂಗಾರಂ ಒಂದನ್ನು ಬಿಟ್ಟು ದ್ವೀಪಗಳಲ್ಲಿ ಮದ್ಯ ನಿಷಿದ್ಧ, ಚೀಲದಲ್ಲಿ ಬಾಟಲಿ ಇಟ್ಟುಕೊಂಡು ಇಳಿಯಬೇಡಿ. ಸತ್ತ ಹವಳದ ತುಂಡನ್ನೂ ಎತ್ತಿಕೊಳ್ಳುವಂತಿಲ್ಲ, ವನ್ಯಜೀವಿ ಕಾಯ್ದೆ ಅದಕ್ಕೂ ಅನ್ವಯ.

ವಾಪಸು ಹಡಗಿಗೆ ಬರುವ ಕೊನೆಯ ಬೋಟಿನ ಹೊತ್ತು ದಿನಪತ್ರಿಕೆಯಂತೆ ಕ್ಯಾಬಿನ್ನಿಗೆ ಬರುವ ಹಾಳೆಯಲ್ಲಿರುತ್ತದೆ, ಅದರ ಫೋಟೊ ತೆಗೆದುಕೊಂಡು ಇಳಿಯಿರಿ. ಎರಡನೆಯ ಸಂಜೆ ಇನ್ನೊಂದು ಕೆಲಸ: ರಿಸೆಪ್ಷನ್ನಿನಲ್ಲಿ ಪ್ರತಿ ಕ್ಯಾಬಿನ್ನಿನ ಬಿಲ್ಲು ತೆಗೆಸಿ ನೋಡುವುದು. ಬಾರಿನಲ್ಲಿ ಒಬ್ಬರ ಕಾರ್ಡಿಗೆ ಇನ್ನೊಬ್ಬರ ಗ್ಲಾಸು ಬಿದ್ದಿರುತ್ತದೆ, ಸೇವಾ ಶುಲ್ಕ ಮತ್ತು ತೆರಿಗೆ ಸೇರಿ ಮೆನುವಿನ ಬೆಲೆಗಿಂತ ಹೆಚ್ಚಿರುತ್ತದೆ, ಫ್ರಿಜ್ಜಿನಿಂದ ತೆಗೆಯದ ಸೋಡಾ ಲೆಕ್ಕಕ್ಕೆ ಬಂದಿರುತ್ತದೆ. ಆ ಸಂಜೆ ಕೌಂಟರಿನ ಮುಂದೆ ಮೂರು ಜನ ಇರುತ್ತಾರೆ, ಇಳಿಯುವ ಬೆಳಿಗ್ಗೆ ಮುನ್ನೂರು.